ವೀಗನ್ ಆಗೋದು ನಮ್ಮ ಕಡೆ ನಡೆಯುತ್ತೆ, ಕಷ್ಟ ಇರೋದು ಮೊಸರಿನಲ್ಲಿ

ರಾಯಚೂರಿನ ಹಾಸ್ಟೆಲ್‌ನಲ್ಲಿದ್ದೀನಿ, ಪ್ರಾಣಿಗಳಿಗಾಗಿ, ಭೂಮಿಗಾಗಿ ವೀಗನ್ (ಮಾಂಸ, ಮೊಟ್ಟೆ ಜೊತೆ ಹಾಲು, ಮೊಸರು, ತುಪ್ಪವನ್ನೂ ಬಿಟ್ಟವರು) ಆಗಬೇಕು ಅನಿಸಿದೆ, ಮನೆಯವರು ನಗುತ್ತಾರೆ, ನಮ್ಮ ಕಡೆ ಇದು ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯುತ್ತೆ. ನಾನು ಕೊಪ್ಪಳ ಜಿಲ್ಲೆಯವನು. ಆರು ವರ್ಷದಿಂದ ಹಾಲು, ಮೊಸರು, ತುಪ್ಪ ಮುಟ್ಟಿಲ್ಲ. ಮಾಂಸ, ಮೊಟ್ಟೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇರಲಿಲ್ಲ.

ನಮ್ಮಲ್ಲಿ ಎರಡು ಎಮ್ಮೆ ಇದ್ದವು. ಒಂದು ಕೋಣಗರು ಹಾಕಿತು. ಹೆಣ್ಣಾಗಿದ್ದರೆ ಹೊಟ್ಟೆ ತುಂಬ ಹಾಲು ಬಿಡುತ್ತಿದ್ದರು. ಗಂಡು ಅಂತ ಎರಡು ಗುಟುಕು ಕುಡಿಸಿ ಎಳೆದು ಗೂಟಕ್ಕೆ ಕಟ್ಟುತ್ತಿದ್ದರು. ತಿಂಗಳೊಳಗೆ ಸತ್ತುಹೋಯಿತು. ಕರು ಇಲ್ಲದೆ ಎಮ್ಮೆ ಹಾಲು ಇಳಿಸಲಿಲ್ಲ. ಆಗ ಅದರ ತೊಗಲಿಗೆ ಹುಲ್ಲು ತುಂಬಿ ತಾಯಿ ಮುಂದೆ ನಿಲ್ಲಿಸಿದರು. ಎಮ್ಮೆ ಅದರ ಬೆನ್ನು ನೆಕ್ಕುತ್ತಾ ನಿಂತಿತು, ಇತ್ತ ಹಾಲು ಇಳಿಯಿತು. ಆ ಹಾಲಿನ ಚಹಾ ನಾನೂ ಕುಡಿದೆ. ಆಮೇಲೆ ಎಷ್ಟೋ ದಿನ ಆ ಎಮ್ಮೆಯ ನಾಲಿಗೆ ಕಣ್ಣ ಮುಂದೆ ಬರುತ್ತಿತ್ತು.

ನಮ್ಮ ಮನೆಯವರು ಕೆಟ್ಟವರಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಕೋಣಕ್ಕೆ ಹೊಲದಲ್ಲಿ ಕೆಲಸವಿಲ್ಲ, ಮೇವಿಗೆ ದುಡ್ಡು ಬೇಕು. ಈಯದೆ ಎಮ್ಮೆ ಹಾಲು ಕೊಡೋದಿಲ್ಲ. ಈದಾಗ ಗಂಡೂ ಹುಟ್ಟುತ್ತೆ. ಬತ್ತಿದ ಎಮ್ಮೆ ಕೊನೆಗೆ ಕಸಾಯಿಖಾನೆಗೇ ಹೋಗೋದು. ಅದಕ್ಕೇ ಒಂದು ಮಾತು: ಇದನ್ನು ಮಡಿ-ಮೈಲಿಗೆ ಮಾಡಬೇಡಿ. ಪಕ್ಕದ ಮನೆಯವರು ಮಾಂಸ ತಿಂತಾರೆ ಅಂತ ಮುಖ ತಿರುಗಿಸೋರ ತಂಬಿಗೆಯಲ್ಲೂ ಅದೇ ಎಮ್ಮೆಯ ಹಾಲು ಇರುತ್ತೆ, ಅಲ್ವಾ?

ಭೂಮಿಯ ವಿಷಯ. ದನ, ಎಮ್ಮೆ, ಕುರಿ ತಿಂದದ್ದು ಹೊಟ್ಟೆಯಲ್ಲಿ ಹುದುಗುವಾಗ ಮೀಥೇನ್ ಅನ್ನೋ ಅನಿಲ ಹುಟ್ಟಿ ತೇಗಿನ ಜೊತೆ ಹೊರಬರುತ್ತೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಜಾಸ್ತಿ ಬಿಸಿ ಏರಿಸುತ್ತೆ. 2019ರ ಜಾನುವಾರು ಗಣತಿ ಪ್ರಕಾರ ನಮ್ಮ ದೇಶದಲ್ಲಿ 19 ಕೋಟಿಗೂ ಹೆಚ್ಚು ದನ, ಸುಮಾರು 11 ಕೋಟಿ ಎಮ್ಮೆ ಇದ್ದವು. ಹಾಗಂತ ಬರೀ ಅನ್ನ ತಿಂದರೆ ಆಯಿತು ಅಂದುಕೊಳ್ಳಬೇಡಿ. ಗಂಗಾವತಿ, ಸಿಂಧನೂರಿನ ಗದ್ದೆಯಲ್ಲಿ ನೀರು ನಿಂತಾಗಲೂ ಮೀಥೇನ್ ಏಳುತ್ತೆ. ಮಳೆಗೆ ಬೆಳೆಯೋ ಜೋಳಕ್ಕೆ ಆ ಕಾಟವಿಲ್ಲ. ರೊಟ್ಟಿ ಬಿಡಬೇಡಿ.

ನಮ್ಮ ಊಟ ಹೆಚ್ಚುಕಡಿಮೆ ವೀಗನ್ನೇ. ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಮಡಕೆಕಾಳು, ಶೇಂಗಾ ಹಿಂಡಿ (ಚಟ್ನಿಪುಡಿ). ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲೂ ನಾನು ರೊಟ್ಟಿ, ಪಲ್ಯ, ಮಾದಲಿ ತಿಂದೇ ಬರುತ್ತೇನೆ. ಮಾದಲಿಗೆ ಹಾಲು, ತುಪ್ಪ ಹಾಕಿಸಿಕೊಳ್ಳೋದಿಲ್ಲ ಅಷ್ಟೇ.

ಕಷ್ಟ ಆಗೋದು ಮೊಸರು. ಅದಕ್ಕೆ ಶೇಂಗಾ ಇದೆ. ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸಿ. ಆ ಹಾಲು ಕುದಿಸಿ, ಉಗುರುಬೆಚ್ಚಗಾದಾಗ ಹಸಿಮೆಣಸಿನಕಾಯಿಯ ನಾಲ್ಕೈದು ತೊಟ್ಟು ಹಾಕಿ ಮುಚ್ಚಿಡಿ. ನಮ್ಮ ಬಿಸಿಲಿಗೆ ಚೆನ್ನಾಗಿ ಹೆಪ್ಪಾಗುತ್ತೆ. ಮೊದಲ ಸಲದ್ದು ಅಷ್ಟು ರುಚಿ ಇರೋದಿಲ್ಲ. ಅದರಲ್ಲೇ ಒಂದು ಚಮಚ ತೆಗೆದು ಮತ್ತೆ ಹೆಪ್ಪು ಹಾಕಿ. ಅವ್ವ ಮೊದಲು ಮೂಗು ಮುರಿದಳು. ಈಗ ನಾನು ಊರಿಗೆ ಬರೋ ಹಿಂದಿನ ರಾತ್ರಿ ಅವಳೇ ಶೇಂಗಾ ನೆನೆಸಿಡುತ್ತಾಳೆ.

ಒಂದನ್ನು ಮಾತ್ರ ಸುಮ್ನೆ ಬಿಡಬೇಡಿ: ಬಿ12 ವಿಟಮಿನ್. ಕಾಳು, ಸೊಪ್ಪಿನಿಂದ ಅದು ಸಿಗೋದಿಲ್ಲ. ಕಡಿಮೆಯಾದರೆ ಕೈಕಾಲು ಜೋಮು, ಸುಸ್ತು. ಡಾಕ್ಟರ್‌ಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ, ಗುಳಿಗೆ ಶುರು ಮಾಡಿ. ನಾನು ಮೊದಲ ವರ್ಷ ಅಸಡ್ಡೆ ಮಾಡಿ ಪಾದ ಜುಮುಜುಮು ಅನ್ನೋವರೆಗೆ ಕಾದೆ, ನೀವು ಕಾಯಬೇಡಿ.

ಹಾಸ್ಟೆಲ್‌ಗೆ ಹೋಗುವಾಗ ಒಂದು ಡಬ್ಬಿ ಗುರೆಳ್ಳು ಹಿಂಡಿ ಒಯ್ಯಿರಿ. ಮೆಸ್‌ನಲ್ಲಿ ಮೊಸರು ಬಡಿಸೋ ಹೊತ್ತಿಗೆ ತಟ್ಟೆಯಲ್ಲಿ ಹಿಂಡಿ, ಎಣ್ಣೆ ಕಲಸಿ ಕೂತಿದ್ದರೆ ಅತ್ತ ಕೈ ಹೋಗೋದಿಲ್ಲ.