ಸಮಾಜಶಾಸ್ತ್ರದ ಪ್ರಬಂಧ ಸ್ಪರ್ಧೆಗೆ ಯಾವ ವಿಷಯ ತಗೊಂಡರೆ ಒಳ್ಳೆಯದು?

ನೀವು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದೀರಿ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ಪ್ರತಿ ವರ್ಷ ನಡೆಯುವ ಪ್ರಬಂಧ ಸ್ಪರ್ಧೆಗೆ ಈ ಸಲ ಬರೆಯಬೇಕು ಅಂತಿದ್ದೀರಿ. ಕೈಯಲ್ಲಿ ಆರು ವಾರ ಇದೆ. ಜಾಗತೀಕರಣದ ಬಗ್ಗೆ ಬರೆಯಲೋ, ಲಿಂಗ ಅಸಮಾನತೆಯ ಬಗ್ಗೆ ಬರೆಯಲೋ, ಥಿಯರಿ ಎಷ್ಟು ಹಾಕಲಿ ಅಂತ ಕೇಳಿದ್ದೀರಿ.

ಎರಡೂ ಬೇಡ. ಅವು ಸಿಲಬಸ್ಸಿನ ಪಾಠದ ಹೆಸರುಗಳು. ಪಾಠದ ಹೆಸರಿಟ್ಟುಕೊಂಡು ಕೂತರೆ ಪಾಠವನ್ನೇ ಮತ್ತೆ ಬರೆಯುತ್ತೀರಿ. ಇದನ್ನು ನಾನು ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ಇಂಥ ಸ್ಪರ್ಧೆಗೆ ನಾನು ಎರಡು ಸಲ ಬರೆದೆ. ಮೊದಲ ಪ್ರಬಂಧದ ಹೆಸರು ‘ಸಾಮಾಜಿಕ ಜಾಲತಾಣಗಳು ಮತ್ತು ಯುವಜನತೆ: ಒಂದು ಸಮಾಜಶಾಸ್ತ್ರೀಯ ಅಧ್ಯಯನ’. ‘ಮನುಷ್ಯ ಸಂಘಜೀವಿ’ ಅಂತ ಶುರು ಮಾಡಿದ್ದೆ. ಅನುಕೂಲಗಳು, ಅನಾನುಕೂಲಗಳು, ಪರಿಹಾರಗಳು, ಉಪಸಂಹಾರ ಎಲ್ಲ ಇತ್ತು. ಬಹುಮಾನ ಮಾತ್ರ ಇರಲಿಲ್ಲ. ತೀರ್ಪುಗಾರರು ಒಂದೇ ಸಾಲು ಬರೆದು ಕಳಿಸಿದ್ದರು: ‘ಇದರಲ್ಲಿ ನಿಮಗೆ ಮೊದಲು ಗೊತ್ತಿಲ್ಲದ್ದು ಏನಿದೆ?’ ಓದಿ ಸಿಟ್ಟು ಬಂತು. ಒಂದು ವಾರ ಬಿಟ್ಟು ಪ್ರಬಂಧ ತೆಗೆದು ನೋಡಿದೆ. ನಿಜವಾಗಿಯೂ ಏನೂ ಇರಲಿಲ್ಲ. ಆಮೇಲೆ ಮೂರು ವರ್ಷ ನಾನೇ ಮೊದಲ ಸುತ್ತಿನ ಪ್ರಬಂಧಗಳಿಗೆ ಅಂಕ ಹಾಕಲು ಕೂತೆ. ಆಗ ಗೊತ್ತಾಯಿತು, ‘ಮನುಷ್ಯ ಸಂಘಜೀವಿ’ ಅಂತ ಶುರುವಾಗುವ ಪ್ರಬಂಧಗಳು ಒಂದು ಕಂತೆಯಲ್ಲಿ ಎಷ್ಟಿರುತ್ತವೆ ಅಂತ!

ಹಾಗಾದರೆ ಏನು ಬೇಕು? ಒಂದು ಒಗಟು. ‘ಹೀಗಾಗಬೇಕಿತ್ತು, ಆದರೆ ಹಾಗಾಗುತ್ತಿದೆ, ಯಾಕೆ?’ ಅಂತ ಕೇಳುವಂಥದ್ದು.

ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1897ರಲ್ಲಿ ಆತ್ಮಹತ್ಯೆಯ ಬಗ್ಗೆ ಮಾಡಿದ ಅಧ್ಯಯನವನ್ನು ಎಲ್ಲರೂ ಓದಿರುತ್ತೇವೆ. ಪರೀಕ್ಷೆಗೆ ನಾವು ಅದರ ನಾಲ್ಕು ಬಗೆಗಳನ್ನು ಬಾಯಿಪಾಠ ಮಾಡುತ್ತೇವೆ. ಆದರೆ ಅವನು ಹೊರಟದ್ದು ಬಗೆಗಳಿಂದಲ್ಲ. ಸಾಯಬೇಕು ಅನ್ನುವುದು ಒಬ್ಬ ಮನುಷ್ಯನ ತೀರಾ ಖಾಸಗಿ ನಿರ್ಧಾರ. ಹಾಗಿದ್ದ ಮೇಲೆ ಒಂದು ದೇಶದಲ್ಲಿ ಆ ಪ್ರಮಾಣ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಅಷ್ಟೇ ಯಾಕಿರುತ್ತದೆ? ಕ್ಯಾಥೊಲಿಕರಿಗಿಂತ ಪ್ರೊಟೆಸ್ಟೆಂಟರಲ್ಲಿ, ಮದುವೆಯಾದವರಿಗಿಂತ ಆಗದವರಲ್ಲಿ ಯಾಕೆ ಜಾಸ್ತಿ? ಅವನನ್ನು ಕಾಡಿದ್ದು ಇದು. ಬಗೆಗಳು ಆಮೇಲೆ ಬಂದವು. ನಾವು ಉತ್ತರವನ್ನು ಮಾತ್ರ ಕಲಿತು ಪ್ರಶ್ನೆಯನ್ನು ಮರೆತಿದ್ದೇವೆ, ಅಲ್ವಾ?

ನಿಮ್ಮ ಒಗಟು ಅಷ್ಟು ದೊಡ್ಡದಾಗಿರಬೇಕಿಲ್ಲ. ಚಿಕ್ಕದಾದಷ್ಟೂ ಒಳ್ಳೆಯದು. ನನ್ನ ಎರಡನೇ ಪ್ರಬಂಧ ಲೈಬ್ರರಿ ಸೀಟಿನ ಬಗ್ಗೆ. ನಮ್ಮ ಲೈಬ್ರರಿಯಲ್ಲಿ ‘ಸೀಟು ಕಾಯ್ದಿರಿಸುವಂತಿಲ್ಲ’ ಅಂತ ಬೋರ್ಡು ಇತ್ತು. ಆದರೂ ಪರೀಕ್ಷೆ ಹತ್ತಿರ ಬಂದರೆ ಸಾಕು, ಅರ್ಧ ಮೇಜುಗಳ ಮೇಲೆ ಬರೀ ಬ್ಯಾಗುಗಳು. ಜನ ಸೀಟಿಲ್ಲದೆ ನಿಂತಿರುತ್ತಿದ್ದರು, ಬ್ಯಾಗು ಸರಿಸುತ್ತಿದ್ದದ್ದು ತೀರಾ ಅಪರೂಪ. ನಿಯಮ ಅವರ ಕಡೆಗೇ ಇದೆ, ಬ್ಯಾಗಿನವರು ಅಲ್ಲಿಲ್ಲ. ಆದರೂ ಸಾಮಾನ್ಯವಾಗಿ ಕೈ ಹಾಕಲ್ಲ. ಯಾಕೆ?

ಎರಡು ವಾರ, ದಿನಾ ಸಂಜೆ ಎರಡು ಗಂಟೆ ಸುಮ್ನೆ ಕೂತು ನೋಡಿದೆ. ಮೇಜುಗಳ ನಕ್ಷೆ ಬರೆದುಕೊಂಡು, ಯಾವ ವಸ್ತು ಎಷ್ಟು ಹೊತ್ತು ಸೀಟು ಕಾಯುತ್ತದೆ ಅಂತ ಗುರುತು ಹಾಕಿದೆ. ಪೇಪರ್ ಇಟ್ಟು ಹೋದರೆ ಯಾರೋ ಎತ್ತಿ ಪಕ್ಕಕ್ಕಿಟ್ಟು ಕೂರುತ್ತಿದ್ದರು. ಲೈಬ್ರರಿಯದೇ ಪುಸ್ತಕ ಇಟ್ಟರೂ ಅಷ್ಟೇ. ಕೈಬರಹದ ನೋಟ್‌ಬುಕ್ ತೆರೆದಿಟ್ಟು ಹೋದರೆ ಮಾತ್ರ ಗಂಟೆಗಟ್ಟಲೆ ಯಾರೂ ಮುಟ್ಟುತ್ತಿರಲಿಲ್ಲ. ಇನ್ನೂ ಸ್ವಾರಸ್ಯದ್ದು ಪಕ್ಕದ ಸೀಟಿನವರ ಪಾತ್ರ. ‘ಇಲ್ಲಿ ಯಾರಾದ್ರೂ ಇದ್ದಾರಾ?’ ಅಂತ ಕೇಳಿದರೆ, ಬ್ಯಾಗಿನವರ ಪರಿಚಯವೇ ಇಲ್ಲದವರೂ ‘ಹೂಂ, ಇದ್ದಾರೆ’ ಅನ್ನುತ್ತಿದ್ದರು. ಜನರ ಸ್ವಾರ್ಥದ ಬಗ್ಗೆ ಬರೆಯಲು ಹೋದವನಿಗೆ ಸಿಕ್ಕಿದ್ದು, ಅಪರಿಚಿತರು ಒಬ್ಬರಿಗೊಬ್ಬರು ಕಾವಲು ಕಾಯುವ ಏರ್ಪಾಡು.

ಏನೋ ದೊಡ್ಡದು ಕಂಡುಹಿಡಿದೆ ಅಂತ ಬೀಗಿದೆ. ಎರಡೇ ದಿನ. ಹಳೆಯ ಅಧ್ಯಯನಗಳನ್ನು ಹುಡುಕಿದಾಗ ರಾಬರ್ಟ್ ಸಾಮರ್ ಮತ್ತು ಫ್ರಾಂಕ್ಲಿನ್ ಬೆಕರ್ ಸಿಕ್ಕರು. 1969ರಲ್ಲೇ ಲೈಬ್ರರಿ ಸೀಟುಗಳ ಬಗ್ಗೆ ಲೇಖನ ಬರೆದಿದ್ದರು, ಪಕ್ಕದವರ ಪಾತ್ರದ ಸಮೇತ. ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ ಕೂಡ 1971ರಲ್ಲಿ, ನಾವು ಜಾಗವನ್ನು ‘ನಮ್ಮದು’ ಮಾಡಿಕೊಳ್ಳಲು ಇಡುವ ಇಂಥ ಗುರುತುಗಳ ಬಗ್ಗೆ ಬರೆದಿದ್ದರು. ನನ್ನ ಮುಖ ಸಪ್ಪಗಾಯಿತು. ಮೇಷ್ಟ್ರು ನಕ್ಕರು. ‘ಒಳ್ಳೇದೇ ಆಯ್ತಲ್ಲ, ಅವರು ಎಲ್ಲಿಗೆ ನಿಲ್ಲಿಸಿದ್ದಾರೆ ನೋಡು, ನೀನು ಅಲ್ಲಿಂದ ಹೊರಡು’ ಅಂದರು.

ಸಾಮರ್ ಅವರದ್ದು ಮನಶ್ಶಾಸ್ತ್ರ. ಯಾವ ವಸ್ತು ಸೀಟು ಕಾಯುತ್ತದೆ ಅನ್ನುವುದು ಅವರ ಪ್ರಶ್ನೆ. ಯಾರ ವಸ್ತು ಅನ್ನುವುದು ನನ್ನ ಪ್ರಶ್ನೆಯಾಯಿತು. ನನ್ನ ಟಿಪ್ಪಣಿಯಲ್ಲೇ ಅದಕ್ಕೆ ಉತ್ತರ ಬಿದ್ದಿತ್ತು, ನಾನು ನೋಡಿರಲಿಲ್ಲ. ಸಂಶೋಧನಾ ವಿದ್ಯಾರ್ಥಿಗಳ ಬ್ಯಾಗನ್ನು ಯಾರೂ ಮುಟ್ಟಿರಲಿಲ್ಲ. ಅಪರೂಪಕ್ಕೆ ಸರಿಸಿದ್ದೆಲ್ಲ ಮೊದಲ ವರ್ಷದವರ ಬ್ಯಾಗು, ಮತ್ತು ಅವರ ಪರವಾಗಿ ಪಕ್ಕದವರೂ ಬಾಯಿ ಬಿಟ್ಟಿರಲಿಲ್ಲ. ಕಾವಲು ಎಲ್ಲರಿಗೂ ಇತ್ತು, ಆದರೆ ಒಂದೇ ಅಳತೆಯಲ್ಲಿ ಇರಲಿಲ್ಲ. ಪ್ರಬಂಧ ಶುರುವಾಗಿದ್ದು ಅಲ್ಲಿಂದ. ಎರಡನೇ ಬಹುಮಾನ ಬಂತು.

ನಿಮ್ಮ ಥಿಯರಿ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ. ಗಾಫ್‌ಮನ್ ಇಲ್ಲದಿದ್ದರೆ ನಾನು ಕಂಡದ್ದಕ್ಕೆ ಹೆಸರಿರುತ್ತಿರಲಿಲ್ಲ, ಆದ್ದರಿಂದ ಅವರು ಬೇಕಾಯಿತು. ಮಾರ್ಕ್ಸ್, ವೇಬರ್, ಬೋರ್ದ್ಯೂ ಅಂತ ದೊಡ್ಡ ಚಿಂತಕರೆಲ್ಲರನ್ನೂ ಮೊದಲ ಪುಟದಲ್ಲಿ ಸಾಲಾಗಿ ನಿಲ್ಲಿಸಿ, ಆಮೇಲೆ ಅವರ ಕಡೆ ತಿರುಗಿಯೂ ನೋಡದ ಪ್ರಬಂಧಗಳನ್ನು ಬೇಕಾದಷ್ಟು ಓದಿದ್ದೇನೆ. ಒಬ್ಬರನ್ನು ತಗೊಳ್ಳಿ. ಅವರ ಮಾತು ನಿಮ್ಮ ಒಗಟಿಗೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಅಂತ ತೋರಿಸಿ. ಹೊಂದದ ಜಾಗ ಸಿಕ್ಕರೆ ನಿಮ್ಮ ಅದೃಷ್ಟ, ಅದನ್ನು ಮುಚ್ಚಿಡಬೇಡಿ.

‘ಬರೀ ಇಪ್ಪತ್ತು ಜನರನ್ನು ಮಾತಾಡಿಸಿದರೆ ಸಾಕಾ?’ ಅಂತ ಬಹಳ ಜನ ಹೆದರುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನ ನೆನಪಿಸಿಕೊಳ್ಳಿ. ಕೆಲಸದ ಸುದ್ದಿ ಆಪ್ತರಿಗಿಂತ ದೂರದ ಪರಿಚಯದವರಿಂದಲೇ ಹೆಚ್ಚು ಸಿಗುತ್ತದೆ ಅಂತ ತೋರಿಸಿದ ಲೇಖನ ಅದು. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ ಶೇ. 16.7ರಷ್ಟು ಜನ ಮಾತ್ರ ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದರು. ಈ ಲೆಕ್ಕ ನಿಂತಿದ್ದು 54 ಜನರ ಮೇಲೆ. ಸಂಖ್ಯೆ ಚಿಕ್ಕದಾಗಿದ್ದರೂ ಪ್ರಶ್ನೆ ಮೊನಚಾಗಿತ್ತು. ನೀವು ಇಪ್ಪತ್ತು ಜನರನ್ನು ಮಾತಾಡಿಸಿ ‘ಇಡೀ ಸಮಾಜ ಹೀಗೆ’ ಅಂತ ಬರೆದರೆ ಅಂಕ ಹೋಗುತ್ತದೆ. ‘ಈ ಇಪ್ಪತ್ತು ಜನರಲ್ಲಿ ಹೀಗೆ ಕಂಡಿತು’ ಅಂದರೆ ಯಾರೂ ಕತ್ತರಿಸುವುದಿಲ್ಲ. ಮಾತಾಡಿಸುವ ಮೊದಲು ಯಾಕೆ ಅಂತ ಹೇಳಿ ಒಪ್ಪಿಗೆ ಪಡೆಯಿರಿ, ಹೆಸರು ಬದಲಿಸಿ.

ಟಿಪ್ಪಣಿ ಬೇರೆ ಬೇರೆ ಕಡೆ ಉಳಿಸಿಕೊಳ್ಳಿ. ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಕತೆ ಗೊತ್ತಲ್ಲ? 1948ರಲ್ಲಿ ಹಳ್ಳಿಯಲ್ಲಿದ್ದು ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಕೂತು ಒಪ್ಪ ಮಾಡಿಟ್ಟಿದ್ದರು. ಮೂರು ಪ್ರತಿ ಇದ್ದವು, ಆದರೆ ಮೂರೂ ಒಂದೇ ಕೋಣೆಯಲ್ಲಿ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಸಂಶೋಧನಾ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು, ಮೂರೂ ಸುಟ್ಟುಹೋದವು. ಅವರು ಬಹುಪಾಲು ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದರು. ನಮ್ಮ ನೆನಪಿಗೆ ಅಷ್ಟು ತಾಕತ್ತಿಲ್ಲ.

ಇನ್ನು ನಿಯಮಗಳು. ಪದಮಿತಿಯೊಳಗೆ ಅಡಿಟಿಪ್ಪಣಿ, ಗ್ರಂಥಸೂಚಿ ಸೇರುತ್ತವೋ ಇಲ್ಲವೋ ಓದಿಕೊಳ್ಳಿ. ಹೆಸರು ಮುಚ್ಚಿ ಅಂಕ ಹಾಕುವ ಸ್ಪರ್ಧೆಯಾದರೆ ಫೈಲಿನ ಒಳಗಿನ ಮಾಹಿತಿಯಿಂದಲೂ ನಿಮ್ಮ ಹೆಸರು ತೆಗೆಯಿರಿ, ಬಹಳ ಜನ ಇಲ್ಲೇ ಎಡವುತ್ತಾರೆ. ಎಐ ಹತ್ತಿರ ಬರೆಸಬೇಡಿ. ಸಿಕ್ಕಿಬೀಳುವ ಭಯಕ್ಕಲ್ಲ, ಅದು ಲೈಬ್ರರಿಯಲ್ಲಿ ಕೂತು ನೋಡಿರುವುದಿಲ್ಲ. ಅದಕ್ಕೆ ಹೊಳೆಯುವುದು ‘ಮನುಷ್ಯ ಸಂಘಜೀವಿ’ ಥರದ್ದೇ.

ಆರು ವಾರದಲ್ಲಿ ಮೊದಲ ಎರಡು ವಾರ ಒಂದು ಸಾಲೂ ಬರೆಯದಿದ್ದರೂ ಪರವಾಗಿಲ್ಲ, ನೋಡುತ್ತಿರಿ. ಕೊನೆಯ ವಾರ ಸಮಾಜಶಾಸ್ತ್ರ ಓದದ ಯಾರಿಗಾದರೂ ಪ್ರಬಂಧ ಓದಿ ಹೇಳಿ. ನಾನು ರೂಮ್‌ಮೇಟ್‌ಗೆ ಓದಿದ್ದೆ, ಅವನು ಮೆಕ್ಯಾನಿಕಲ್ ಎಂಜಿನಿಯರಿಂಗ್. ಬ್ಯಾಗಿನ ವಿಷಯ ಬಂದಾಗಲೆಲ್ಲ ‘ನಮ್ಮಲ್ಲೂ ಹಂಗೇ’ ಅಂತ ಎದ್ದು ಕೂರುತ್ತಿದ್ದ. ನಾಲ್ಕನೇ ಪುಟದಲ್ಲಿ ನಾನು ‘ಪರಿಕಲ್ಪನಾತ್ಮಕ ಚೌಕಟ್ಟು’ ಶುರು ಮಾಡಿದೆ, ಅವನು ಗೊರಕೆ ಶುರು ಮಾಡಿದ. ಆ ಪುಟ ಕಿತ್ತು ಹಾಕಿ ಕಳಿಸಿದೆ.