ಅಮ್ಮನನ್ನು ಕರೆದುಕೊಂಡು ನೀಲ್ ದ್ವೀಪಕ್ಕೆ?

ಡಿಸೆಂಬರ್‌ನಲ್ಲಿ ಅಂಡಮಾನ್‌ಗೆ ಹೊರಟಿದ್ದೀರಿ, ಮಂಡಿನೋವಿರುವ ಅಮ್ಮ ಜೊತೆಗಿದ್ದಾರೆ, ನೀಲ್‌ನಲ್ಲಿ ಉಳಿಯೋದಾ ಅಥವಾ ಬೆಳಗ್ಗೆ ಹೋಗಿ ಸಂಜೆ ವಾಪಸ್ಸಾ ಅಂತ ಕೇಳಿದ್ದೀರಿ. ಎರಡು ರಾತ್ರಿ ಉಳೀರಿ. ಒಂದೇ ದಿನಕ್ಕೆ ಹೋದರೆ ಅರ್ಧ ದಿನ ಹಡಗಿನಲ್ಲೇ ಕಳೆಯುತ್ತೆ.

2018ರಿಂದ ನೀಲ್‌ನ ಅಧಿಕೃತ ಹೆಸರು ಶಹೀದ್ ದ್ವೀಪ, ಟಿಕೆಟ್ ಮಾಡುವಾಗ ಗಲಿಬಿಲಿಯಾಗಬೇಡಿ. ಬಹುತೇಕ ಊರುಗಳ ಹೆಸರು ರಾಮಾಯಣದ್ದು: ಸೀತಾಪುರ, ಭರತ್‌ಪುರ, ಲಕ್ಷ್ಮಣಪುರ. ಜನ ಹೆಚ್ಚಾಗಿ ಬಂಗಾಳಿಗಳು, ತೋಟದ ತರಕಾರಿ ಬೆಳೆಯೋರು. ಅಮ್ಮನಿಗೆ ಮೀನು ಆಗದಿದ್ದರೂ ಊಟಕ್ಕೆ ಪರದಾಟವಿಲ್ಲ.

ಲಕ್ಷ್ಮಣಪುರದ ಕಲ್ಲಿನ ಕಮಾನು ನೋಡೋಕೆ ಸಮುದ್ರದ ನೀರು ಇಳಿದಿರಬೇಕು. ಇಳಿತದ ಸಮಯ ಹಿಂದಿನ ದಿನವೇ ಆಟೋದವರನ್ನು ಕೇಳಿಟ್ಟುಕೊಳ್ಳಿ. ಬಂಡೆಗಳ ನಡುವೆ ಉಳಿದ ಗುಂಡಿನೀರಲ್ಲಿ ಉಗುರಿನಷ್ಟು ಏಡಿಗಳು, ಕಪ್ಪಗೆ ಹೀರೇಕಾಯಿ ಥರ ಬಿದ್ದಿರುವ ಸಮುದ್ರಸೌತೆ ಅನ್ನೋ ಜೀವಿಗಳು. ಅಲ್ಲೇ ಕೂತರೆ ಎದ್ದೇಳೋ ಮನಸ್ಸಾಗಲ್ಲ. ಆದರೆ ಹವಳದ ಕಲ್ಲು ಚೂಪು, ಪಾಚಿ ಜಾರುತ್ತೆ. ಅಮ್ಮ ಅಲ್ಲಿಗೆ ಬೇಡ. ಅವರಿಗೆ ಭರತ್‌ಪುರದ ಕಡಲತೀರವೇ ಸರಿ, ಹಡಗು ನಿಲ್ಲುವ ಜೆಟ್ಟಿ ಪಕ್ಕದಲ್ಲೇ ಇದೆ, ನೀರೂ ಆಳವಿಲ್ಲ.

ಇನ್ನೊಂದು, ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ನಾನು ನಮ್ಮೂರಿನ ಲೆಕ್ಕದಲ್ಲಿ ಕಾಫಿ ಮುಗಿಸಿ ಆರಕ್ಕೆ ಹೋಗಿ ಕತ್ತಲೆ ನೋಡಿ ಬಂದೆ! ಕೈಯಲ್ಲಿ ನಗದು ಇರಲಿ, ನೆಟ್‌ವರ್ಕ್ ನಂಬಬೇಡಿ. ಚಿಪ್ಪು, ಹವಳದ ಚೂರು ಚೀಲಕ್ಕೆ ಹಾಕಿಕೊಂಡರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳ್ತೀರಿ.