ಎಡವುವ ಜಾಗದಿಂದಲೇ ಶುರು ಮಾಡಿ

ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರ: "ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತ ಆಗಿದ್ದೇನೆ. ದೂರಶಿಕ್ಷಣದಲ್ಲಿ ಬಿ.ಎ. ಸೇರಿ ಇಂಗ್ಲಿಷ್ ತಗೊಂಡಿದ್ದೇನೆ. ಗ್ರಾಮರ್ ಮೊದಲಿಂದ ಓದೋಣ ಅಂತ ದಪ್ಪ ಪುಸ್ತಕ ತಂದರೆ ಮೂರನೇ ಪಾಠಕ್ಕೇ ನಿದ್ದೆ. ಪದಗಳ ಬೇರು, ಸಾಹಿತ್ಯದ ಪರಿಭಾಷೆ ಬೇರೆ ಇವೆ. ನನ್ನ ಇಂಗ್ಲಿಷಿನಲ್ಲಿ ಕನ್ನಡದ ವಾಸನೆ ಅಂತ ನಗುತ್ತಾರೆ. ಎಲ್ಲಿಂದ ಶುರು ಮಾಡಲಿ?"

ರೈಟರೇ, ಆ ಪುಸ್ತಕವನ್ನು ಮೊದಲ ಪುಟದಿಂದ ಓದುವುದು ನಿಲ್ಲಿಸಿ. ನಾಮಪದ, ಸರ್ವನಾಮ, ಕ್ರಿಯಾಪದ ಏನು ಅಂತ ಕನ್ನಡ ಮೇಷ್ಟ್ರು ಯಾವತ್ತೋ ಹೇಳಿಕೊಟ್ಟಾಗಿದೆ. ನಾವು ಎಡವುವುದು ಕನ್ನಡದಲ್ಲಿ ಇಲ್ಲದ ಕಡೆ, ಇಲ್ಲವೇ ಬೇರೆ ಥರ ಇರುವ ಕಡೆ. ಸಮಯ ಅಲ್ಲಿಗೇ ಜಾಸ್ತಿ ಕೊಡಿ.

ನೀವು ಸಾಹುಕಾರರಿಗೆ ಬರೆಯುವ ರಿಪೋರ್ಟನ್ನೇ ತೆಗೆದುಕೊಳ್ಳಿ. "ನಿನ್ನೆ ಲಾರಿ ಬಂದಿದೆ" ಅಂದರೆ ಕನ್ನಡದಲ್ಲಿ ಯಾರೂ ತಪ್ಪು ಅನ್ನಲ್ಲ. ಅದನ್ನೇ "ಲಾರಿ ಹ್ಯಾಸ್ ಕಮ್ ಯೆಸ್ಟರ್‌ಡೇ" ಅಂತ ಇಳಿಸಿದರೆ ತಪ್ಪು. ಹ್ಯಾಸ್, ಹ್ಯಾವ್ ಹಾಕಿದ ಮೇಲೆ ನಿನ್ನೆ, ಹೋದ ವಾರ ಅಂತ ಮುಗಿದುಹೋದ ಹೊತ್ತನ್ನು ಹೇಳುವ ಹಾಗಿಲ್ಲ. ಹೊತ್ತು ಹೇಳಲೇಬೇಕಾದರೆ ಸುಮ್ನೆ "ಕೇಮ್" ಅನ್ನಿ. ಇನ್ನು ಲಾರಿ ಅನ್ನುವ ಪದಕ್ಕೆ ಮೊದಲು ಎ (a) ಬೇಕೋ ದ (the) ಬೇಕೋ? ಹೊಸದಾಗಿ ಸುದ್ದಿ ಎತ್ತುತ್ತಿದ್ದರೆ ಎ, ಯಾವ ಲಾರಿ ಅಂತ ಓದುವವರಿಗೆ ಗೊತ್ತಿದ್ದರೆ ದ. "ಒಂದು ಲಾರಿ ಬಂತು, ಆ ಲಾರಿಗೆ ಬ್ರೇಕೇ ಇರಲಿಲ್ಲ" ಅನ್ನುವಾಗ ನಾವೂ ಇದನ್ನೇ ಮಾಡುತ್ತೇವೆ ಅಲ್ವಾ? ನಮಗೆ ಅದು ಬಿಟ್ಟರೂ ನಡೆಯುತ್ತದೆ, ಇಂಗ್ಲಿಷಿಗೆ ನಡೆಯುವುದಿಲ್ಲ. ಎ, ಆನ್ ವಿಷಯದಲ್ಲಿ ಅಕ್ಷರ ನೋಡಬೇಡಿ, ಸದ್ದು ಕೇಳಿ: ಆನ್ ಎಂ.ಎಲ್.ಎ., ಎ ಯೂನಿವರ್ಸಿಟಿ.

ಬೇರುಗಳ ಪಟ್ಟಿ ಉರುಹೊಡೆಯುವುದು ದಂಡ. ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ಪೋರ್ಟರ್ ನಿಮಗೆ ದಿನಾ ಕಿವಿಗೆ ಬೀಳುತ್ತವೆ. ಮೂರರಲ್ಲೂ ಇರುವುದು ಹೊರುವುದು, ಒಯ್ಯುವುದು ಅನ್ನುವ ಲ್ಯಾಟಿನ್ ಬೇರು. ಎಕ್ಸ್ ಹೊರಗೆ, ಟ್ರಾನ್ಸ್ ಆಚೆಗೆ. ಇಂಪೋರ್ಟ್, ಪೋರ್ಟಬಲ್ ನೀವೇ ಬಿಡಿಸಿಕೊಳ್ಳಬಹುದು. ಹಾಗಂತ ಪೂರ್ತಿ ನಂಬಬೇಡಿ. ಇಂಗ್ಲಿಷಿನಲ್ಲಿ ಬರೆದಾಗ ಎರಡೂ ped ಅಂತಲೇ ಶುರುವಾದರೂ, ಪೆಡಲ್‌ನಲ್ಲಿರುವುದು ಲ್ಯಾಟಿನ್ನಿನ ಪಾದ, ಪೀಡಿಯಾಟ್ರಿಷಿಯನ್‌ನಲ್ಲಿರುವುದು ಗ್ರೀಕಿನ ಮಗು. ಬರೀ ಊಹೆ ಮೇಲೆ ಹೋದರೆ ಮಕ್ಕಳ ಡಾಕ್ಟರಿಗೆ ಮಂಡಿನೋವು ತೋರಿಸಿಕೊಂಡು ಬರಬೇಕಾದೀತು.

ಪರಿಭಾಷೆಯಲ್ಲಿ ಸಿಮಿಲಿ ನಮ್ಮ ಉಪಮೆ, ಹೈಪರ್‌ಬೊಲಿ ಹೆಚ್ಚುಕಮ್ಮಿ ಅತಿಶಯೋಕ್ತಿ. ಪೀಕಲಾಟ ಇರುವುದು ಐರನಿಯಲ್ಲಿ. ವ್ಯಂಗ್ಯ ಅಂತ ಬರೆದುಕೊಂಡರೆ ಅರ್ಧ ಸಿಕ್ಕಿತು ಅಷ್ಟೆ. ಡ್ರಮಾಟಿಕ್ ಐರನಿಗೆ ಕೀಚಕವಧೆ ಆಟ ನೆನಪು ಮಾಡಿಕೊಳ್ಳಿ. ಸೈರಂಧ್ರಿ ಕಾಯುತ್ತಿದ್ದಾಳೆ ಅಂತ ಕೀಚಕ ಕತ್ತಲಲ್ಲಿ ನರ್ತನಶಾಲೆಗೆ ಬರುತ್ತಾನೆ, ಅಲ್ಲಿ ಮಲಗಿರುವವನು ಭೀಮ. ಆಟ ನೋಡುವವರಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ; ಅವನ ಒಂದೊಂದು ಸರಸದ ಮಾತೂ ನಮಗೆ ಬೇರೆಯಾಗಿಯೇ ಕೇಳಿಸುತ್ತದೆ. ಪರೀಕ್ಷೆಗೆ ಇಂಗ್ಲಿಷ್ ಉದಾಹರಣೆ ಬೇಕಿದ್ದರೆ ಮ್ಯಾಕ್‌ಬೆತ್ ಇದೆ: ರಾಜ ಡಂಕನ್ ಕೋಟೆಯ ಗಾಳಿ ಎಷ್ಟು ಹಿತ ಅಂತ ಹೊಗಳುತ್ತಾ ಬರುವ ಹೊತ್ತಿಗೆ ಒಳಗೆ ಅವನನ್ನು ಕೊಲ್ಲುವ ಮಾತು ಆಗಿಹೋಗಿದೆ.

ವಾಸನೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಪಕ್ಕದ ಹಾಸನದಲ್ಲೇ 1908ರಲ್ಲಿ ಹುಟ್ಟಿದ ರಾಜಾ ರಾವ್ ನಮ್ಮ ಹಳ್ಳಿ ಅಜ್ಜಿ ಕಥೆ ಹೇಳುವ ಲಯವನ್ನು ಬೇಕೆಂದೇ ಇಂಗ್ಲಿಷ್ ಕಾದಂಬರಿಗೆ ತಂದು 1938ರಲ್ಲಿ ಪ್ರಕಟಿಸಿದರು. ಅವರಿಗೆ ಎ, ದ ಚೆನ್ನಾಗಿ ಬರುತ್ತಿತ್ತು ಅನ್ನುವುದೂ ನೆನಪಿರಲಿ.

ಕೊಳ್ಳುವುದಾದರೆ ಇನ್ನೊಂದು ಗ್ರಾಮರ್ ಬೇಡ, ಒಂದು ಒಳ್ಳೆಯ ಲರ್ನರ್ಸ್ ಡಿಕ್ಷನರಿ ಕೊಳ್ಳಿ. ಎಣಿಸಬಹುದಾದ ಪದ ಯಾವುದು, ಎಣಿಸಲಾಗದ್ದು ಯಾವುದು ಅಂತ ಅದರಲ್ಲಿ ಗುರುತು ಹಾಕಿರುತ್ತಾರೆ. ನಿಮ್ಮ ಪತ್ರದ ಕೊನೆಯಲ್ಲಿ "ಇನ್‌ಫರ್ಮೇಷನ್ಸ್" ಅಂತ ಬರೆದಿದ್ದೀರಿ, ಮೊದಲು ಅದನ್ನೇ ತೆಗೆದು ನೋಡಿ.